ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂಟಿ ಶೂ

ತಪ್ಪು ಬೇರೆಯವರದಾಗಿದ್ದರೆ ನಾನು ಬಹಳ ಸಮಾಧಾನದ ಮನುಷ್ಯ. ತಪ್ಪು ನನ್ನದೇ ಆಗಿಬಿಟ್ಟರೆ ಮಾತ್ರ ಬರುವ ಕೋಪಕ್ಕೆ ಮಿತಿಯಿಲ್ಲ. ಆಮ್‌ಸ್ಟರ್‌ಡ್ಯಾಮಿನಿಂದ ಮದ್ದೂರಿಗೆ ಹಿಂತಿರುಗಿ ತಿಂಗಳಾಯಿತು. ಕೋಪ ಇನ್ನೂ ಇಳಿದಿಲ್ಲ. ಅದನ್ನು ಯಾರ ಮೇಲೆ ಇಳಿಸಬೇಕೆಂಬುದೂ ತೀರ್ಮಾನವಾಗಿಲ್ಲ.

ನನ್ನ ಹೆಂಡತಿ ನಾಗರತ್ನ ಹೈಸ್ಕೂಲಿನಲ್ಲಿ ಇತಿಹಾಸದ ಮೇಡಂ. ತಮ್ಮ ದೇಶದಿಂದ ಓಡಿಸಲ್ಪಟ್ಟ ಯೆಹೂದಿಗಳು ಆ ಊರಿಗೆ ಬಂದು ಮುನ್ನೂರು ವರ್ಷಕ್ಕೂ ಹಿಂದೆ ಕಟ್ಟಿಕೊಂಡ ಸಿನಗಾಗನ್ನು, ಅಂದರೆ ಅವರ ಪ್ರಾರ್ಥನಾ ಮಂದಿರವನ್ನು, ಕಣ್ಣಾರೆ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಅದರೊಳಗೆ ಇಂದಿಗೂ ಕರೆಂಟಿಲ್ಲ, ಮೇಣದಬತ್ತಿಯದೇ ಬೆಳಕು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ದುಡಿಯುತ್ತಲೇ ತಲೆ ನರೆತ ನನಗೆ ಇದೇ ಒಂದು ಅವಮಾನ. ಜೊತೆಗಿದ್ದ ಬಾಮೈದ ಶಿವಣ್ಣ ಸುಮ್ಮನಿರಬಾರದೆ? "ನಿಮ್ ಲೈನು ಇನ್ನೂ ಇಲ್ಲಿಗಂಟ ಎಳ್ದಿಲ್ವಾ ಬಾವ?" ಎಂದ.

ಅಂದು ಶುಕ್ರವಾರ. ಸಂಜೆಯಿಂದ ಅವರ ವಾರದ ವಿಶ್ರಾಂತಿಯ ಸಬ್ಬತ್ ದಿನ ಶುರುವಾಗುವುದರಿಂದ ಬೇಗ ಬಾಗಿಲು ಹಾಕುತ್ತಾರೆ. ಕೊನೆಯ ಗುಂಪನ್ನು ಒಳಗೆ ಬಿಡುತ್ತಿದ್ದರು. ಮರುದಿನ ನಮ್ಮ ವಿಮಾನ.

ಬಾಗಿಲು ಕಂಡದ್ದೇ ನನ್ನ ಕಾಲುಗಳು ತಾವಾಗಿಯೇ ಶೂ ಕಳಚಿದವು. ನಾಗರತ್ನ ಬೋರ್ಡು ಓದಿ, "ಶೂ ಬಿಡಿ ಅಂತ ಇಲ್ಲ ಕಣ್ರೀ. ಗಂಡಸ್ರು ತಲೆಗೆ ಟೋಪಿ ಇಕ್ಕಂಡ್ರೆ ಸಾಕಂತೆ" ಎಂದಳು.

"ದೇವ್ರು ಇರೋ ತಾವ್ಕೆ ಮೆಟ್ಟು ಆಕ್ಕೊಂಡು ಓಯ್ತಾರಾ? ನಂಗೇಳ್ಕೊಡ್ಬ್ಯಾಡ" ಎಂದು ಗದರಿದೆ.

ಪ್ರವಾಸಕ್ಕೆಂದೇ ಕೊಂಡ ಹೊಸ ಶೂ. ಜೋಡಿಯಾಗಿ ಬಿಟ್ಟರೆ ಮಾಯವಾಗುತ್ತದೆ. ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಬಿಟ್ಟರೆ ಕಳ್ಳನಿಗೇ ಬೇಸರ ಬರುತ್ತದೆ. ಇದು ನಮ್ಮಪ್ಪ ದೇವಸ್ಥಾನದ ಬಾಗಿಲಲ್ಲಿ ಕಲಿಸಿದ ವಿದ್ಯೆ. ನನ್ನ ಮದುವೆಯ ದಿನ ಛತ್ರದಲ್ಲಿ ಎಡಗಾಲಿನದು ಸಿಕ್ಕದೆ ಬರಿಗಾಲಲ್ಲೇ ಕಾರು ಹತ್ತಿದವನು ನಾನು. ಆದರೂ ವಿದ್ಯೆ ಬಿಡಲಿಲ್ಲ. ಬಲಗಾಲಿನದನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಹೂಕುಂಡದ ಹಿಂದೆ ತಳ್ಳಿದೆ. ಎಡಗಾಲಿನದನ್ನು ಅಷ್ಟು ದೂರದಲ್ಲಿ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದಿನ ಬುಟ್ಟಿಯೊಳಗೆ ಇಳಿಸಿ ಬಂದೆ.

ಅಂಥ ಜಾಗದಲ್ಲಿ ಯಾರದೆಂದು ತಿಳಿಯದ ಗಂಟು ಕಂಡರೆ ಕಾವಲಿನವನು ಸುಮ್ಮನಿರುತ್ತಾನೆಯೇ? ಬಾಂಬೇ ಇರಬೇಕೆಂದು ಕೂಗಿದ, ಸಾಲನ್ನೆಲ್ಲ ಹಿಂದಕ್ಕೆ ಅಟ್ಟಿದ. ಎಲ್ಲರ ಮುಂದೆ ನಾನು ಕೈಯೆತ್ತಿದೆ. ಗಂಟು ಬಿಚ್ಚಿಸಿ ನೋಡಿ, ಇದರ ಜೊತೆಯದೆಲ್ಲಿ ಎಂದ. ಗತ್ತಿನಿಂದ ಗೋಡೆಯ ಕಡೆ ಬೆರಳು ತೋರಿಸಿದೆ. ಸೈಕಲ್ಲೇ ಇರಲಿಲ್ಲ!

"ನಿಮ್ ಶೂ ಊರ್ ನೋಡಕ್ಕೋಯ್ತು ಬುಡಿ ಬಾವ" ಎಂದ ಶಿವಣ್ಣ.

"ಬಾಯ್ಮುಚ್ಲಾ! ಬುಟ್ಟಿಲಿ ಏನೈತೆ ಅಂತ ನೋಡ್ದೆ ತುಳ್ಕೊಂಡು ಓಗೋನು ಅದ್ಯಾವ್ ಸೀಮೆ ಮನ್ಸ?" ಎಂದು ಕಿರುಚಿದೆ. ಶಿವಣ್ಣನನ್ನು ಬೈದೆ, ಕಾವಲಿನವನನ್ನು ಬೈದೆ, ಸೈಕಲ್ಲು ಕಂಡುಹಿಡಿದವನನ್ನೂ ಬೈದೆ. ಕಾವಲಿನವನು ನಗು ತಡೆದುಕೊಂಡು ನಾಗರತ್ನಳಿಗೆ ಒಳಗೆ ಹೋಗುವಂತೆ ಕೈಸನ್ನೆ ಮಾಡಿದ.

"ಬರಿಗಾಲಲ್ಲೇ ಬನ್ರೀ, ಬಾಗ್ಲಾಕ್ತಾರೆ" ಎಂದಳು.

"ನನ್ ಶೂ ಸಿಕ್ಕೋಗಂಟ ನಾ ಬರಕಿಲ್ಲ!"

"ಇಪ್ಪತ್ ವರ್ಸದಿಂದ ಇದುನ್ನ ಕಾದಿವ್ನಿ. ಇನ್ನು ನಿಮ್ ಶೂ ಬೇರೆ ಕಾಯಕ್ಕಾಗಕಿಲ್ಲ" ಎಂದವಳು ತಿರುಗಿಯೂ ನೋಡದೆ ತಮ್ಮನ ಜೊತೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಕಾಲುಚೀಲದಲ್ಲಿ ಆ ಬೀದಿಯ ಅಷ್ಟೂ ಸೈಕಲ್ಲುಗಳ ಬುಟ್ಟಿ ತಡಕಿದೆ. ಶೂ ಸಿಗಲಿಲ್ಲ. ಹೊರಬಂದ ನಾಗರತ್ನಳ ಕಣ್ಣು ಹೊಳೆಯುತ್ತಿತ್ತು. ಒಳಗೇನಿತ್ತು ಎಂದು ಕೇಳಿದ್ದಕ್ಕೆ, "ಬಂದು ನೋಡ್ಬೇಕಿತ್ತು" ಎಂದಳು; ಇವತ್ತಿಗೂ ಅಷ್ಟೇ ಉತ್ತರ. ಶಿವಣ್ಣ ಮಾತ್ರ, ಮೆಟ್ಟಿನ ಸದ್ದು ಕೇಳದಿರಲೆಂದು ನೆಲಕ್ಕೆಲ್ಲ ಮರಳು ಹರಡಿದ್ದಾರೆ ಎಂದು ಬೇಕೆಂದೇ ವಿವರಿಸಿದ.

ಮನೆಗೆ ಬಂದ ದಿನ ನಾಗರತ್ನ ತನ್ನ ಶೂಗಳನ್ನು ಹೊಸ್ತಿಲ ಹೊರಗೆ ಕುಟ್ಟಿದಳು. ಅಡಿಯ ಸಂದಿಯಿಂದ ಚಿಟಿಕೆ ಮರಳು ಉದುರಿತು. ಅವಳು ಒಳಗೆ ಹೋದ ಮೇಲೆ ಅದನ್ನು ಮೆಲ್ಲಗೆ ಬಾಚಿ ಪೊಟ್ಟಣ ಕಟ್ಟಿಕೊಂಡೆ. ನಾನು ಕಂಡ ಸಿನಗಾಗ್ ಅಷ್ಟೇ. ಒಂದೇ ಕಡೆ ಇಟ್ಟರೆ ಕಳೆದುಹೋದೀತೆಂದು ಅರ್ಧ ಪೊಟ್ಟಣ ಬೀರುವಿನಲ್ಲಿ, ಇನ್ನರ್ಧ ಬೇರೊಂದು ಕಡೆ ಜೋಪಾನ ಮಾಡಿದೆ. ಆ ಬೇರೊಂದು ಕಡೆ ಯಾವುದೆಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಈಗ ಯಾರೂ ನನ್ನನ್ನು ಮಾತಾಡಿಸಬೇಡಿ.