ಸರಸ್ವತಿ ಪೂಜೆಗೆ ಕುಳಿತ ಟ್ಯಾಬ್ ಅವರ ಸನ್ನಿಧಿಗೆ

ಗಾಜಿನ ಮುಖದ ಮಾನ್ಯರೇ,

ಹುಣಸೂರು ತಾಲ್ಲೂಕು ಗುರುಪುರದಿಂದ ಗುರುಶಾಂತಮ್ಮ ಮಾಡುವ ಶರಣು ಶರಣಾರ್ಥಿ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಬರೆಯುವುದರಲ್ಲಿ ತಪ್ಪಿದ್ದರೆ, ತಮಗೆ ಅಭ್ಯಾಸವಿದ್ದ ಹಾಗೆ, ಕೆಳಗೆ ಕೆಂಪು ಗೆರೆ ಎಳೆದುಕೊಂಡು ಓದಬೇಕು.

ತಾವು ಮಹಾನವಮಿಗೆ ಮೂರು ದಿನ ಮುಂಚೆ ನಮ್ಮ ಮನೆಗೆ ದಯಮಾಡಿಸಿದಿರಿ. ಕರೆತಂದವನು ನನ್ನ ಮಗ ಮಹೇಶ್‌ಕುಮಾರ್. ಕೆ.ಆರ್. ನಗರದಲ್ಲಿರುವ ನನ್ನ ಮಗಳು ಸುಧಾಳ ಕಿರಿಮಗಳು ರಮ್ಯ ದಸರಾ ರಜೆಗೆ ಬರುತ್ತಾಳೆಂದು, ಮೂರನೇ ಕ್ಲಾಸಿನ ಆ ಮಗುವಿಗೆ ಸೋದರಮಾವನ ಉಡುಗೊರೆಯಾಗಿ ತಾವು ಬಂದಿರಿ. ಕೊಡಬೇಕೋ ಬೇಡವೋ ಎಂಬುದನ್ನು ಮಾತ್ರ ಸುಧಾ ನನ್ನ ತಲೆಗೆ ಕಟ್ಟಿ, "ನೀನು ಹೂಂ ಅಂದ್ರೆ ಕೊಡ್ಲಿ ಕಣವ್ವ, ಇಲ್ಲಾಂದ್ರೆ ಬ್ಯಾಡ" ಎಂದು ಫೋನಿಟ್ಟಳು. ಮಗನನ್ನು ಕೇಳಿದರೆ ಅವನು, "ಇದು ಆಟದ ಸಾಮಾನಲ್ಲ ಕಣವ್ವ, ಎಲ್ಲಾ ಪುಸ್ತಕನೂ ಇದ್ರೊಳಗೇ ಅವೆ, ಸಾಕ್ಷಾತ್ ಸರಸ್ವತಿ ಅನ್ಕೋ" ಎಂದ. ಈ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ತಾವೂ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಮ್ಮ ಮನೆತನದ ಪರಿಚಯ ನನಗೆ ಮೊದಲೇ ಇದೆ. ರಮ್ಯಳ ಅಕ್ಕ ವಾಣಿಶ್ರೀಗೆ ಬೇಸಿಗೆ ರಜೆಯಲ್ಲಿ ಇದೇ ಮಾವ ತಮ್ಮ ತಮ್ಮನನ್ನು, ಅಂದರೆ ಒಂದು ಫೋನನ್ನು ಕೊಡಿಸಿದ್ದ. ಮೊದಲೆಲ್ಲ ಬಸ್ಸಿನಿಂದ ಇಳಿದವಳೇ ಚಪ್ಪಲಿ ಕೂಡ ಬಿಡದೆ ಕೊಟ್ಟಿಗೆಗೆ ಓಡುತ್ತಿದ್ದ ಹುಡುಗಿ, ಈಗ ಹೊಸಿಲು ದಾಟುತ್ತಲೇ "ಅಜ್ಜಿ, ಚಾರ್ಜರ್ ಎಲ್ಲಿ ಚುಚ್ಚಲಿ?" ಎನ್ನುತ್ತಾಳೆ. ಚುಚ್ಚುವ ಜಾಗ ಇರುವುದು ದೇವರ ಕೋಣೆಯ ಗೋಡೆಗೆ. ನಾನು ಹನ್ನೆರಡು ವರ್ಷ ಕರೆದರೂ ಆ ಕಡೆ ತಲೆಹಾಕದವಳನ್ನು ದಿನಕ್ಕೆ ಆರು ಗಂಟೆ ದೇವರ ಕೋಣೆಯ ಪಕ್ಕ ಅಲ್ಲಾಡದಂತೆ ಕೂರಿಸಿದ ಕೀರ್ತಿ ತಮ್ಮ ವಂಶದ್ದು. ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಕಾಡಾನೆ ನಮ್ಮ ಮುಸುಕಿನ ಜೋಳದ ಅಂಚಿಗೆ ಬಂದು, ಊರಿಗೆ ಊರೇ ತಾರಸಿ ಹತ್ತಿ ಕೂಗುತ್ತಿದ್ದಾಗ, ಈಕೆ ಕುಳಿತಲ್ಲೇ ಫೋನಿನಲ್ಲಿ ಯಾವುದೋ ದೇಶದ ಆನೆ ನೋಡುತ್ತ "ಇದ್ರಲ್ಲಿ ಹತ್ರದಿಂದ ಕಾಣುತ್ತೆ ಅಜ್ಜಿ" ಎಂದಳು. ನಿಜವೇ. ನಮ್ಮ ಆನೆಗೆ ಆ ಮರ್ಯಾದೆಯೆಲ್ಲಿ, ಬೆರಳು ಒತ್ತಿದರೆ ಅದು ನಿಲ್ಲುವುದಿಲ್ಲ.

ಆದರೂ ಪರೀಕ್ಷೆ ಮಾಡದೆ ದೂರುವುದು ಪಾಪವೆಂದು, ತಾವು ಬಂದ ದಿನ ಲಿಂಗಪೂಜೆ ಮುಗಿಸಿ, ಕೈ ಒರೆಸಿಕೊಂಡು ತಮ್ಮ ಮುಂದೆ ಕುಳಿತೆ. ಒಂದು ವಚನ ಕೇಳೋಣವೆಂದಿದ್ದೆ. ವಚನವಾದ ಮೇಲೆ ತಾವೇ ಹೋಳಿಗೆ ತೋರಿಸಿದಿರಿ, ಹೋಳಿಗೆಯಾದ ಮೇಲೆ ಸೀರೆ, ಸೀರೆಯಾದ ಮೇಲೆ ಯಾರೋ ಅತ್ತೆ ಸೊಸೆ ಜಗಳ. ಜಗಳದಲ್ಲಿ ನ್ಯಾಯ ಯಾರ ಕಡೆಗಿದೆ ಎಂದು ತಿಳಿಯುವಷ್ಟರಲ್ಲಿ ಒಲೆಯ ಮೇಲಿನ ಎರಡು ಸೇರು ಹಾಲು ಉಕ್ಕಿ, ಪಾತ್ರೆ ಸೀದು ಕರಿಯಾಗಿತ್ತು. ಐವತ್ತು ವರ್ಷದವಳನ್ನು, ಮೂರು ಹೊತ್ತು ವಿಭೂತಿ ಇಡುವವಳನ್ನು ಒಂದೇ ಬೆಳಿಗ್ಗೆಯಲ್ಲಿ ಹೀಗೆ ಕಟ್ಟಿಹಾಕಿದ ತಮಗೆ, ಎಂಟು ವರ್ಷದ ರಮ್ಯ ಎಷ್ಟರವಳು?

ಆ ಮಗು ದಿನಕ್ಕೆ ನೂರು ಪ್ರಶ್ನೆ ಕೇಳುತ್ತದೆ. ನಮ್ಮೂರ ಪಕ್ಕದ ಟಿಬೆಟಿನವರ ಕ್ಯಾಂಪಿನ ಅಜ್ಜ ಕೈಯಲ್ಲಿ ಆ ಹಿಡಿಕೆಯ ಪುಟ್ಟ ಗಾಲಿ ಯಾಕೆ ತಿರುಗಿಸುತ್ತಾರೆ ಎಂದು ಹೋದ ರಜೆಯಲ್ಲಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ತಾವಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿದ್ದಿರಿ. ನಾವಿಬ್ಬರೂ ದಡ್ಡರಂತೆ ಎರಡು ಮೈಲಿ ನಡೆದು ಆ ಅಜ್ಜನನ್ನೇ ಕೇಳಿದೆವು. ಆತ ಉತ್ತರವನ್ನು ಆಮೇಲೆ ಹೇಳಿದ, ಮೊದಲು ಗಾಲಿಯನ್ನು ಅವಳ ಕೈಗೆ ಕೊಟ್ಟ. ವರ್ಷಕ್ಕೆ ನನಗೆ ಸಿಗುವುದು ಇಂಥ ಹದಿನೈದು ದಿನ. ಅಕ್ಕನ ಪಾಲಿನದನ್ನು ತಮ್ಮ ವಂಶ ಆಗಲೇ ತೆಗೆದುಕೊಂಡಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆ. ತಾವು ರಮ್ಯಳ ತಲೆಗೆ ಹರಳೆಣ್ಣೆ ತಟ್ಟಿ, ಹೇನು ನೋಡಿ, ಎರಡು ಜಡೆ ಹಾಕಬೇಕು. ಕಾಲಿಗೆ ಮುಳ್ಳು ಚುಚ್ಚಿದರೆ ಪಿನ್ನಿನಿಂದ ಕೀಳಬೇಕು, ಕೀಳುವಾಗ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಅವಳು ಬಿಟ್ಟ ಅರ್ಧ ಮುದ್ದೆಯನ್ನು ತಾವು ತಿನ್ನಬೇಕು. ಇಷ್ಟನ್ನು ನಡೆಸಿಕೊಟ್ಟ ದಿನ ಮಗುವನ್ನು ತಮ್ಮ ಮಡಿಲಿಗೆ ಹಾಕಿ ನಾನು ನೆಮ್ಮದಿಯಾಗಿ ಕಾಶಿಗೆ ಹೋಗುತ್ತೇನೆ.

ಅಲ್ಲಿಯವರೆಗೆ ತಮ್ಮ ಗೌರವಕ್ಕೆ ಕುಂದು ಬಾರದಂತೆ ನೋಡಿಕೊಂಡಿದ್ದೇನೆ. ಸರಸ್ವತಿ ಎಂದು ಮನೆ ಮಗನೇ ಹೇಳಿದ ಮೇಲೆ ಪೆಟ್ಟಿಗೆಯಲ್ಲಿ ಬಿಡುವುದುಂಟೇ? ಮಹಾನವಮಿಯ ದಿನ ತಮಗೆ ಹಳದಿ ಬಟ್ಟೆ ಸುತ್ತಿ, ವಿಭೂತಿ ಬಳಿದು, ಮಕ್ಕಳ ಪುಸ್ತಕಗಳ ಜೊತೆ ಕಲಶದ ಮುಂದಿನ ಮಣೆಯ ಮೇಲೆ ಕೂರಿಸಿದೆ. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಪುಸ್ತಕವನ್ನು ಕಲಶ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಕದಲಿಸುವವಳು ಮನೆಯ ಹಿರಿಯ ಹೆಂಗಸು, ಅಂದರೆ ನಾನು. ವಿಜಯದಶಮಿ ಕಳೆದು ಐದು ದಿನವಾಯಿತು. "ಇನ್ನೂ ಕದಲಿಸ್ಲಿಲ್ವೇನವ್ವ?" ಎಂದು ಮಗ ದಿನಾ ಕೇಳುತ್ತಾನೆ. ಸರಸ್ವತಿಯನ್ನು ಹಾಗೆ ಅವಸರದಲ್ಲಿ ಎಬ್ಬಿಸಬಾರದು ಎನ್ನುತ್ತೇನೆ. ಮಾತು ಅವನದೇ ಆದ್ದರಿಂದ ತಲೆ ಕೆರೆದುಕೊಂಡು ಹೊರಗೆ ನಡೆಯುತ್ತಾನೆ.

ರಮ್ಯ ಬಂದಿಳಿದ ದಿನವೇ ತಮ್ಮ ಕಡೆ ಕೈ ತೋರಿಸಿ "ಬಟ್ಟೆ ಸುತ್ತಿರೋದು ಏನಜ್ಜಿ?" ಎಂದಿದ್ದಳು. ಮಾವ ಹೇಳಿದ್ದನ್ನೇ ಹೇಳಿದೆ, ಎಲ್ಲಾ ಪುಸ್ತಕನೂ ಅದರೊಳಗೇ ಅವೆಯಂತೆ ಎಂದು. ಮುಖ ಸೊಟ್ಟ ಮಾಡಿಕೊಂಡು, "ಹಂಗಾದ್ರೆ ರಜೆ ಮುಗಿಯೋಗಂಟ ಕಲಶ ಕದಲಿಸಲೇ ಬ್ಯಾಡ" ಎಂದು ಹೇಳಿ ಎಮ್ಮೆಗರುವಿನ ಹತ್ತಿರ ಓಡಿದಳು. ಉಡುಗೊರೆ ಯಾರಿಗೋ ಅವರೇ ತೀರ್ಮಾನ ಕೊಟ್ಟ ಮೇಲೆ ನನ್ನದೇನಿದೆ? ಹೂಂ ಅಥವಾ ಉಹೂಂ ಅನ್ನುವ ಕೆಲಸವೂ ನನಗೆ ಉಳಿಯಲಿಲ್ಲ.

ಇಂತು, ದಿನಾ ಬೆಳಿಗ್ಗೆ ತಮಗೆ ಹೂವೇರಿಸಿ, ಸಂಜೆ ದೂಳು ಒರೆಸುತ್ತಿರುವ
ತಮ್ಮ ವಿಶ್ವಾಸಿ,
ಗುರುಶಾಂತಮ್ಮ

ಮರೆತಿದ್ದು: ಮಣೆಯ ಮೇಲೆ ತಮ್ಮ ಪಕ್ಕದಲ್ಲಿ ಇನ್ನೂ ಒಂದು ಗೇಣು ಜಾಗವಿದೆ. ಅದನ್ನು ಮಹೇಶ್‌ಕುಮಾರನೂ ನೋಡಿದ್ದಾನೆಂದು ಕಾಣುತ್ತದೆ. ನಿನ್ನೆಯಿಂದ ಸ್ನಾನಕ್ಕೆ ಹೋಗುವಾಗಲೂ ತನ್ನ ಫೋನನ್ನು ಜೊತೆಗೇ ಒಯ್ಯುತ್ತಿದ್ದಾನೆ.