ತೊಂಬತ್ತೊಂದು ಪರ್ಸೆಂಟ್

ಬಾಮೈದನಾದವನು ಬಂದರೆ ಉಂಡು, ಹರಟೆ ಹೊಡೆದು ಹೋಗಬೇಕು. ಅಕ್ಕನ ಗಂಡನ ಲ್ಯಾಪ್‌ಟಾಪಿಗೆ ಕೈ ಹಾಕಬಾರದು. ಈ ಬಾಮೈದ ಹಾಕಿದ. ಯಂತ್ರದ ಮೆಮೊರಿ ಎಷ್ಟು ತುಂಬಿದೆ ಎಂದು ತೋರಿಸುವ ಪುಟ್ಟ ಮೀಟರೊಂದನ್ನು ಪರದೆಯ ಮೂಲೆಯಲ್ಲಿ ಕೂರಿಸಿ, "ಭಾವ, ಇದು ಕೆಂಪಗಾದ್ರೆ ಕಷ್ಟ" ಎಂದು ಹೇಳಿ ಎದ್ದು ಹೋದ.

ಅದು ಅಂದಿನಿಂದ ಕೆಂಪಗೇ ಇತ್ತು.

ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ಟೌನ್ ಬಸ್ಸುಗಳ ಕಚೇರಿಯಲ್ಲಿ ವೇಳಾಪಟ್ಟಿ ಬರೆಯುವ ನಮ್ಮ ಗುಮಾಸ್ತನ ಕೈಗೆ ಬಂದಾಗ ಅದು ಚೆನ್ನಾಗಿಯೇ ಇತ್ತು. ಆಮೇಲೆ ಆಪರೇಟಿಂಗ್ ಸಿಸ್ಟಮ್ ವರ್ಷ ವರ್ಷವೂ ಹೊಸದಾಗುತ್ತ, ದಪ್ಪವಾಗುತ್ತ ಹೋಯಿತು. ಲ್ಯಾಪ್‌ಟಾಪು ಮಾತ್ರ ಇದ್ದಷ್ಟೇ ಇತ್ತು. ಇಬ್ಬರ ಮಂಚದಲ್ಲಿ ಒಬ್ಬನೇ ಅಡ್ಡಡ್ಡ ಮಲಗಿದ ಹಾಗೆ, ಚಾಲೂ ಮಾಡಿದೊಡನೆ ಸಿಸ್ಟಮ್ಮೇ ಅರ್ಧಕ್ಕೂ ಹೆಚ್ಚು ಮೆಮೊರಿ ಹಿಡಿದು ಬಿದ್ದುಕೊಳ್ಳುತ್ತಿತ್ತು. ಒಂದು ಬಸ್ಸನ್ನು ಐದು ನಿಮಿಷ ಮುಂದೆ ಹಾಕಲು ಹತ್ತು ನಿಮಿಷ ಬೇಕು. ಕಚೇರಿಯವರು ಅವನನ್ನು ಟೈಮ್‌ಟೇಬಲ್ ಎಂದೇ ಕರೆಯುತ್ತಿದ್ದರು. ಪಾಪ, ದಿನವೂ ಮನೆಗೆ ಲೇಟಾಗುವವನು ಅವನೊಬ್ಬನೇ. ಮಗಳಿಗೆ ಸೈಕಲ್ ಕಲಿಸುತ್ತೇನೆಂದು ಮಾತು ಕೊಟ್ಟು ನಾಲ್ಕು ತಿಂಗಳಾಗಿತ್ತು. ಅವನು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿ, ಸೈಕಲ್ಲು ಗೋಡೆಗೆ ಒರಗಿರುತ್ತಿತ್ತು, ಮಗಳು ಮುಖ ಊದಿಸಿಕೊಂಡಿರುತ್ತಿದ್ದಳು.

ಅಂದು ಬೆಳಿಗ್ಗೆ ಮ್ಯಾನೇಜರ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ನಾಲ್ಕು ಗಂಟೆಗೆ ಹೆಡ್ಡಾಫೀಸಿಂದ ಮೇಡಂ ಬರ್ತಾರೆ. ಒಂದೇ ಒಂದು ಹೊಸ ಲ್ಯಾಪ್‌ಟಾಪ್ ತರ್ತಾರಂತೆ. ಯಾರದ್ದು ತೀರಾ ಕೆಟ್ಟಿದೆಯೋ ಅವರಿಗೆ. ನಿಮ್ಮದನ್ನ ಬಿಟ್ರೆ ಇನ್ಯಾರದ್ದು? ಆದ್ರೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಬಿಟ್ರೆ ಎಲ್ಲರದ್ದೂ ಈಗಲೇ ಕೆಟ್ಟುಹೋಗುತ್ತೆ."

ಟೈಮ್‌ಟೇಬಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಕ್ಷಣ ಮಗಳಿಗೆ ಫೋನು ಮಾಡಿದ. "ಪುಟ್ಟಿ, ಸಂಜೆ ಐದಕ್ಕೆ ಅಮ್ಮನ ಜೊತೆ ಸೈಕಲ್ ತಗೊಂಡು ನಮ್ಮ ಆಫೀಸ್ ಅಂಗಳಕ್ಕೆ ಬಾ. ಇವತ್ತಿಂದ ನಿನ್ನಪ್ಪ ಫ್ರೀ!"

ಮೇಜಿಗೆ ಬಂದು ಯಂತ್ರ ಚಾಲೂ ಮಾಡಿದ. ಮೀಟರು ಕೆಂಪಗಾಯಿತು. ಆ ಕೆಂಪು ಎಂದೂ ಅಷ್ಟು ಚೆಂದ ಕಂಡಿರಲಿಲ್ಲ. "ತೊಂಬತ್ತೊಂದು! ಭೇಷ್!" ಎಂದುಬಿಟ್ಟ, ಗಟ್ಟಿಯಾಗಿ.

ಪಕ್ಕದ ಮೇಜಿನಲ್ಲಿದ್ದ ಟಿಕೆಟ್ ವಿಭಾಗದ ಅಕ್ಕ ಕನ್ನಡಕ ಏರಿಸಿದರು. "ಅಯ್ಯೋ, ಮೆಮೊರಿ ತೊಂಬತ್ತೊಂದಾ? ಮತ್ತೆ ನಗ್ತಾ ಇದ್ದೀಯಲ್ಲೋ! ಕಷ್ಟ ನುಂಗ್ಕೊಂಡು ನಗೋದು ಅಂದ್ರೆ ಇದೇ ನೋಡು."

"ಇರ್ಲಿ ಬಿಡಿ ಅಕ್ಕ, ನಂಗೆ ಅಭ್ಯಾಸ ಆಗಿದೆ."

"ಸುಮ್ನಿರೋ. ನಾವೆಲ್ಲ ಯಾಕಿರೋದು?"

ಅಕ್ಕ ಅವನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ತಾವೇ ಕೂತರು. ಯಂತ್ರದ ಜೊತೆಗೆ ತಾನೇ ತಾನಾಗಿ ಎದ್ದು ಕೂರುವ ಪ್ರೋಗ್ರಾಮುಗಳು ನಲವತ್ತಿದ್ದವು. ಐದು ವರ್ಷದ ಹಿಂದೆ ಗುಜರಿಗೆ ಹೋದ ಪ್ರಿಂಟರಿನ ಪ್ರೋಗ್ರಾಮು ದಿನವೂ ಎದ್ದು ಅದರ ದಾರಿ ಕಾಯುತ್ತಿತ್ತು. ಅಕ್ಕ ಒಂದೊಂದನ್ನೇ ಕಿತ್ತೊಗೆದರು. ಹನ್ನೆರಡು ಗಂಟೆಗೆ ಮೀಟರು ಅರವತ್ತೆರಡಕ್ಕೆ ಇಳಿದು ಹಳದಿಯಾಯಿತು.

"ಥ್ಯಾಂಕ್ಸ್ ಅಕ್ಕ" ಎಂದ ಟೈಮ್‌ಟೇಬಲ್, ಹಲ್ಲು ಕೀಳಿಸಿಕೊಂಡವನ ದನಿಯಲ್ಲಿ. ನಿಜ ಹೇಳುವಂತಿಲ್ಲ, ಬೇಡ ಎನ್ನುವಂತಿಲ್ಲ, ಬಿಸಿ ತುಪ್ಪ.

ಅಕ್ಕ ಊಟಕ್ಕೆ ಎದ್ದದ್ದೇ ತಡ, ಅವನು ಪರದೆಯ ಮೇಲೆ ಹತ್ತೊಂಬತ್ತು ಕಿಟಕಿ, ಆರು ವಿಡಿಯೋ, ಇಡೀ ಜಿಲ್ಲೆಯ ನಕ್ಷೆ ತೆರೆದಿಟ್ಟ. ತೊಂಬತ್ತೈದು! ಯಂತ್ರ ಉಬ್ಬಸ ಬಂದವರ ಹಾಗೆ ಸದ್ದು ಮಾಡತೊಡಗಿತು. ಅವನ ಜೀವಕ್ಕೆ ಸಮಾಧಾನವಾಯಿತು.

ಆ ಸದ್ದು ಕೊಡೆ ತಾತನ ಕಿವಿಗೆ ಬಿತ್ತು. ಬಸ್ಸುಗಳಲ್ಲಿ ಜನ ಮರೆತುಹೋದ ವಸ್ತುಗಳನ್ನು ಕಾಯುವುದು ತಾತನ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಕೊಡೆಗಳು. ಪರರಿಗೆ ಕಷ್ಟ ಎಂದರೆ ಕರೆಯದಿದ್ದರೂ ಓಡಿ ಬರುವ ಜೀವ.

"ಏನಪ್ಪಾ ಇದು, ಪ್ರಾಣ ಬಿಡ್ತಾ ಇದೆಯಲ್ಲ! ಇದಕ್ಕೆ ಇನ್ನೊಂದು ಮೆಮೊರಿ ಚಿಪ್ ಹಾಕ್ಬೇಕು. ಜಾಗ ಖಾಲಿ ಇರುತ್ತೆ."

"ಬೇಡ ತಾತ! ನಿಮಗ್ಯಾಕೆ ತೊಂದ್ರೆ!"

"ತೊಂದ್ರೆ ಏನು ಬಂತು? ನನ್ನ ಮೊಮ್ಮಗಳದ್ದಕ್ಕೂ ನಾನೇ ಹಾಕಿಕೊಟ್ಟಿದ್ದು."

ತಾತ ಸ್ಕ್ರೂಡ್ರೈವರ್ ಹಿಡಿದು ತಮ್ಮ ಕೋಣೆಗೆ ಹೋದರು. ಕಾಲು ಗಂಟೆ ಬಿಟ್ಟು ಅರ್ಧ ಬಾಚಣಿಗೆಯಂಥ ಹಸಿರು ಚಿಪ್ಪೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದರು.

"ಎಲ್ಲಿತ್ತು ತಾತ ಇದು?"

"ಇತ್ತು ಬಿಡು. ಸುಮ್ನೆ ದಂಡಕ್ಕೆ ಕೂತಿತ್ತು."

ಚಿಪ್ಪು ಕೂತಿತು. ಮೀಟರು ಮೂವತ್ತೆರಡಕ್ಕೆ ಇಳಿದು ಹಸಿರಾಯಿತು. ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಟೈಮ್‌ಟೇಬಲ್ ಗಾಬರಿಯಿಂದ ಮತ್ತೆ ಹತ್ತೊಂಬತ್ತು ಕಿಟಕಿ, ಆರು ವಿಡಿಯೋ, ನಕ್ಷೆ ಎಲ್ಲ ತೆರೆದ. ಯಂತ್ರ ಅಷ್ಟನ್ನೂ ಕಣ್ಣು ಮಿಟುಕಿಸದೆ ನುಂಗಿ, ಇನ್ನೇನಿದೆ ಎಂಬಂತೆ ಕೂತಿತು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಅವನ ಯಂತ್ರದ ಕೀಲಿ ಒತ್ತಿ ನೋಡಿದರು. "ಒಂಬತ್ತು ವರ್ಷದ್ದಾ? ಏನು ಸ್ಪೀಡು! ಇದಕ್ಕೇನೂ ಆಗಿಲ್ಲ." ಮೇಡಂ ಮೇಜಿಂದ ಮೇಜಿಗೆ ಹೋಗಿ, ಕೊನೆಗೆ ಕೊಡೆ ತಾತನ ಕೋಣೆಯಲ್ಲಿ ಅವರ ಲ್ಯಾಪ್‌ಟಾಪಿನ ಮುಂದೆ ನಿಂತರು.

"ತಾತ, ಇದು ಶುರುವೇ ಆಗ್ತಿಲ್ಲವಲ್ಲ?"

"ಹೌದಾ?" ತಾತ ತಲೆ ಕೆರೆದುಕೊಂಡರು. "ಒಳಗೊಂದು ಚಿಪ್ ಇತ್ತು, ಮಧ್ಯಾಹ್ನ ತೆಗೆದು ಟೈಮ್‌ಟೇಬಲ್‌ಗೆ ಕೊಟ್ಟೆ. ನಂದು ಬರೀ ಕೊಡೆ ಪಟ್ಟಿ, ಅದಿಲ್ದೆ ನಡೆಯುತ್ತೆ ಅಂದ್ಕೊಂಡಿದ್ದೆ."

ಟೈಮ್‌ಟೇಬಲ್ ಹಾರಿ ಬಂದ. "ತಾತ, ನಿಮ್ಮದು ನೀವೇ ಇಟ್ಕೊಳ್ಳಿ! ಈಗಲೇ ಬಿಚ್ಚಿ ಕೊಡ್ತೀನಿ!"

"ಛೆ ಛೆ, ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಮನುಷ್ಯನಾ ನಾನು?"

ಮೇಡಂ ಕಣ್ಣು ತುಂಬಿಕೊಂಡರು. "ಇಂಥವರಿಗೇ ಸಿಗಬೇಕು" ಎಂದು ಹೊಸ ಲ್ಯಾಪ್‌ಟಾಪಿನ ಮೇಲೆ ಅಲ್ಲೇ ತಾತನ ಹೆಸರಿನ ಚೀಟಿ ಅಂಟಿಸಿದರು. ಹೋಗುವಾಗ ಮ್ಯಾನೇಜರನ್ನು ಕರೆದು, ಟೈಮ್‌ಟೇಬಲ್‌ನತ್ತ ಕೈ ತೋರಿಸಿ, "ಉತ್ತರ ವಿಭಾಗದ ವೇಳಾಪಟ್ಟಿ ಬಾಕಿ ಬಿದ್ದಿದೆ. ಇವರ ಯಂತ್ರ ಇಷ್ಟು ಚುರುಕಾಗಿದೆಯಲ್ಲ, ಅದನ್ನೂ ಇವರೇ ಮಾಡ್ಲಿ. ನಾಳೆಗೆ ಬೇಕು" ಎಂದರು.

ಐದೂವರೆಗೆ ಟೈಮ್‌ಟೇಬಲ್ ಇನ್ನೂ ಉತ್ತರ ವಿಭಾಗದ ಪಟ್ಟಿಯ ಮೂವತ್ತನೇ ಬಸ್ಸಿನಲ್ಲಿದ್ದ. ಅಂಗಳದಲ್ಲಿ ಗಂಟೆ ಕಿಣಿಕಿಣಿ ಎಂದಿತು. ಕಿಟಕಿಯಿಂದ ಇಣುಕಿದರೆ, ಮಗಳು ಸೈಕಲ್ಲಿನ ಮೇಲೆ! ಹೊಸ ಯಂತ್ರದಲ್ಲಿ ಕೊಡೆಗಳ ಪಟ್ಟಿಯನ್ನು ಐದೇ ನಿಮಿಷಕ್ಕೆ ಮುಗಿಸಿದ ತಾತ ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಹೆಂಡತಿ ನಗುತ್ತ ಚಪ್ಪಾಳೆ ತಟ್ಟುತ್ತಿದ್ದಳು. ತಾತ ಕೈ ಬಿಟ್ಟರು, ಸೈಕಲ್ಲು ಬೀಳಲಿಲ್ಲ.

"ಅಪ್ಪಾ, ಬಂತು! ನೋಡು, ಬಂತು!"

ಅವನಿಗೆ ಖುಷಿಯೂ ಆಯಿತು, ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ಎರಡೂ ಕೈ ಎತ್ತಿ ಬೀಸಿದ. ತಾತ ಏದುಸಿರು ಬಿಡುತ್ತ ಕಿಟಕಿಯ ಕೆಳಗೆ ಬಂದು ನಿಂತರು.

"ನಿಂಗೆ ಪುರುಸೊತ್ತಿಲ್ಲ ಅಂತ ನಾನೇ ಕಲಿಸಿಬಿಟ್ಟೆ ಕಣಪ್ಪಾ. ಇನ್ನೇನಾದ್ರೂ ಸಹಾಯ ಬೇಕಿದ್ರೆ ಸಂಕೋಚ ಪಟ್ಕೋಬೇಡ!"