ಕಪಿಲೆಗೆ ನಾನು ಡೌನ್‌ರಿಗ್ಗರ್ ಇಳಿಸಿದ್ದು

ನೆಟ್ಟಗೆ ಒಂದು ಕೆಲಸ ಮಾಡೋಣ ಅಂತ ನಾನು ಕೂತರೆ ಸಾಕು, ಅದಕ್ಕೂ ತಮಗೂ ಸಂಬಂಧವೇ ಇಲ್ಲದ ನಾಲ್ಕು ಜನ ಎಲ್ಲಿಂದಲೋ ಬಂದು ನಿಂತು, ಕೆಲಸದ ದಿಕ್ಕನ್ನೇ ತಪ್ಪಿಸುತ್ತಾರೆ. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು. ಒಂದೇ ತಿಂಗಳಲ್ಲಿ ಐದು ಸಲ ಆದರೆ ಏನನ್ನಬೇಕು ಹೇಳಿ?

ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ನಾನು ಬಿಗಿದ ನಟ್ಟು ಸಡಿಲವಾಯಿತು ಅಂತ ಒಬ್ಬರೂ ಬಾಯಿ ಬಿಟ್ಟವರಿಲ್ಲ. ರಿಟೈರಾಗಿ ನರಸೀಪುರದ ಮನೆ ಸೇರಿದೆ. ಕಪಿಲಾ ಹೊಳೆ ಹತ್ತು ನಿಮಿಷದ ನಡಿಗೆ, ಗಾಳ ಹಾಕುವ ಚಟ ಮೊದಲಿನಿಂದಲೂ ಇತ್ತು. ಆದರೆ ಬೇಸಿಗೆ ಬಂತೆಂದರೆ ದೊಡ್ಡ ಮೀನುಗಳು ಮೇಲೆ ಸುಳಿಯುವುದೇ ಇಲ್ಲ, ಮಡುವಿನ ತಂಪಿನಲ್ಲಿ ಕೂತುಬಿಡುತ್ತವೆ. ಅಲ್ಲಿಗೆ ಗಾಳ ಇಳಿಸುವುದು ಹೇಗೆ?

ಮೊಬೈಲಿನಲ್ಲಿ ಯಾರೋ ಪರದೇಶದವರು ತೋರಿಸಿದರು. ಅದರ ಹೆಸರು ಡೌನ್‌ರಿಗ್ಗರ್. ದೋಣಿಯ ಅಂಚಿಗೆ ಒಂದು ರಾಟೆ, ರಾಟೆಗೆ ಸುತ್ತಿದ ಸ್ಟೀಲ್ ತಂತಿ, ತಂತಿಯ ತುದಿಗೊಂದು ಭಾರ. ಗಾಳದ ದಾರವನ್ನು ಆ ಭಾರದ ಪಕ್ಕ ಒಂದು ಕ್ಲಿಪ್ಪಿಗೆ ಸಿಕ್ಕಿಸಿ, ಹ್ಯಾಂಡಲ್ ತಿರುಗಿಸಿ, ಎಷ್ಟು ಅಡಿ ಬೇಕೋ ಅಷ್ಟಕ್ಕೇ ಇಳಿಸಿ, ದೋಣಿಯನ್ನು ನಿಧಾನಕ್ಕೆ ನಡೆಸುತ್ತಾ ಹೋಗಬೇಕು. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಮೀನಿಗೂ ನಮಗೂ ನೇರ ವ್ಯವಹಾರ. ಅಂಥದ್ದೊಂದನ್ನು ನಾನೇ ಕೂತು ಮಾಡಲು ಶುರುಮಾಡಿದೆ.

ಅದೇ ಹೊತ್ತಿಗೆ ಮಗಳ ಮದುವೆಯಾಗಿ, ಕಳಲೆಯ ಬೀಗರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಫೋನಿನಲ್ಲಿ ನನ್ನ ನಾಲಿಗೆ ಜಾರಿತು. "ಬೀಗರೇ, ಮಡುವಿನ ಬಾಳೆಮೀನು ನಾನೇ ಕೈಯಾರೆ ಹಿಡಿದು ಬಡಿಸ್ತೀನಿ" ಅಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ ತೊಡೆ ಚಿವುಟಿದಳು. ಮಾತು ಆಗಲೇ ಕಳಲೆ ಸೇರಿತ್ತು.

೧. ಐದು ಕೆಜಿ ಬಟ್ಟು

ನನ್ನ ಲೆಕ್ಕಕ್ಕೆ ಭಾರ ಸರಿಯಾಗಿ ಐದು ಕೆಜಿ ಇರಬೇಕು. ಕಮ್ಮಿಯಾದರೆ ನೀರಿನ ಸೆಳೆತಕ್ಕೆ ಹಿಂದಕ್ಕೆ ತೇಲುತ್ತದೆ, ಹೆಚ್ಚಾದರೆ ದೋಣಿಯೇ ಒಂದು ಪಕ್ಕಕ್ಕೆ ವಾಲುತ್ತದೆ. ಗುಜರಿ ಅಂಗಡಿಗೆ ಹೋಗಿ, ತಕ್ಕಡಿಗೆ ಇಡುವ ಕಬ್ಬಿಣದ ಬಟ್ಟು ಒಂದನ್ನು ಆರಿಸಿದೆ. ಮೇಲೆ ಐದು ಕೆಜಿ ಅಂತ ಎರಕ ಹೊಯ್ದಿತ್ತು. ಆದರೂ ಫಿಟ್ಟರ್ ಬುದ್ಧಿ ಬಿಡಬೇಕಲ್ಲ. ಪಕ್ಕದ ಕೋಳಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆ. ನಾಲ್ಕೂ ಕಾಲು!

ಮೈ ಉರಿದುಹೋಯಿತು. ವಾಪಸ್ ಹೋಗಿ ಅವನ ಮುಂದೆ ಕುಕ್ಕಿದೆ.

"ಏನಯ್ಯಾ ಇದು? ಮುಕ್ಕಾಲು ಕೆಜಿ ಎಲ್ಲಿ ಹೋಯ್ತು? ನಾಚಿಕೆ ಆಗಲ್ವಾ?"

ಅವನು ಬೀಡಿಯನ್ನು ಆರಾಮವಾಗಿ ಎಳೆದು ಹೇಳಿದ: "ಕೋಪ ಮಾಡ್ಕೋಬೇಡಿ ಸಾ. ಅದು ನಾವು ಮಾರುವಾಗ ಇಕ್ಕೋ ಬಟ್ಟು."

"ಅಂದ್ರೆ?"

"ಜನದತ್ರ ಗುಜರಿ ತಗಳುವಾಗ ಇಕ್ಕೋದು ಬ್ಯಾರೆ ಅದೆ. ಅದು ಆರು ಕೆಜಿ ಬತ್ತದೆ. ಕೊಡ್ಲಾ?"

"ನನಗೆ ಐದು ಕೆಜಿದು ಬೇಕಯ್ಯಾ, ಐದು!"

"ಐದು ಕೆಜಿ ಬತ್ತದಲ್ಲ, ಅಂತದು ಮಾತ್ರ ನಮ್ಮಂಗಡೀಲಿ ಇಲ್ಲ ಸಾ."

೨. ತಾರಸಿಯ ಮೇಲಿನ ಪರೀಕ್ಷೆ

ಕೊನೆಗೆ ಆ ಹಗುರದ ಬಟ್ಟಿಗೇ ದಪ್ಪ ದಪ್ಪ ನಟ್ಟು ಪೋಣಿಸಿ ಐದು ಕೆಜಿ ಮಾಡಿಕೊಂಡೆ. ಮುಂದಿನ ಕೆಲಸ, ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಎಷ್ಟು ತಂತಿ ಇಳಿಯುತ್ತದೆ ಅಂತ ಅಳೆಯುವುದು. ನಮ್ಮದು ಎರಡು ಅಂತಸ್ತಿನ ಮನೆ, ಮೇಲಿನದರಲ್ಲಿ ಬಾಡಿಗೆಗೆ ಒಬ್ಬ ನರ್ಸಮ್ಮ ಇದ್ದಾರೆ. ತಾರಸಿಯ ಗೋಡೆಗೆ ರಾಟೆ ಬಿಗಿದು, ಬಟ್ಟನ್ನು ಅಂಗಳಕ್ಕೆ ಇಳಿಸುತ್ತಾ, ಐದೈದು ಅಡಿಗೊಂದು ಕಡೆ ತಂತಿಗೆ ಹೆಂಡತಿಯ ನೈಲ್ ಪಾಲಿಶ್ ಹಚ್ಚುತ್ತಿದ್ದೆ.

ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿದರು. "ಸಾ, ಒಸಿ ತಡೀರಿ" ಅಂದು, ಕೈಯಲ್ಲಿದ್ದ ತರಕಾರಿ ಚೀಲವನ್ನು ನನ್ನ ತಂತಿಗೆ ಸಿಕ್ಕಿಸಿ, ಕೈ ಬೀಸಿಕೊಂಡು ಮೆಟ್ಟಿಲು ಹತ್ತಿದರು. ಹೆಣ್ಣುಮಗಳು, ದಣಿದು ಬಂದಿದ್ದಾರೆ. ಎಳೆದುಕೊಟ್ಟೆ. ಅದೇ ತಪ್ಪಾಯಿತು. ಮಾರನೇ ದಿನ ಅಕ್ಕಿ, ಅದರ ಮಾರನೇ ದಿನ ನೀರಿನ ಕ್ಯಾನು. ನಾಲ್ಕನೇ ದಿನ ಗ್ಯಾಸ್ ತಂದವನು ಅಂಗಳದಲ್ಲೇ ನಿಂತು, "ಸಾ, ಸಿಲಿಂಡ್ರು ಕಟ್ಟಿವ್ನಿ, ಎಳೀರಿ!" ಅಂತ ಕೂಗಿದ.

ನಾನು ರಾಟೆಯನ್ನೇ ಬಿಚ್ಚಿ ಒಳಗಿಟ್ಟೆ. ನರ್ಸಮ್ಮನಿಗೆ ಸಿಟ್ಟು ಬಂತು.

"ಯಾಕೆ ಬಿಚ್ಚಿದ್ರಿ ಸಾ?"

"ಇದು ಮೀನು ಹಿಡಿಯೋ ಯಂತ್ರ ಕಣಮ್ಮಾ!"

"ಮೀನಾದ್ರೆ ಮಾರ್ಕೆಟ್‌ನಲ್ಲೇ ಸಿಗ್ತದೆ. ಲಿಫ್ಟು ಸಿಗ್ತದಾ?"

೩. ಹೊಳೆಗೆ ಪಹಣಿ

ಗಾಳ ಹಾಕಲು ಒಂದು ಲೈಸೆನ್ಸ್ ಇರಲಿ ಅಂತ ಒಂದು ಆಫೀಸಿಗೆ ಹೋದೆ. ಕಿಟಕಿಯ ಹಿಂದೆ ಕೂತ ಗುಮಾಸ್ತರಿಗೆ, ಯಂತ್ರ ಇಳಿಸಲು ಅನುಮತಿ ಬೇಕು ಅಂದೆ.

"ಏನು ಯಂತ್ರ?"

"ಡೌನ್‌ರಿಗ್ಗರ್."

ಅವರು ನಿಧಾನವಾಗಿ "ರಿಗ್" ಅಂತ ಬರೆದುಕೊಂಡರು. ನಮ್ಮ ಕಡೆ ರಿಗ್ ಅಂದರೆ ಬೋರ್‌ವೆಲ್ ಕೊರೆಯುವ ಲಾರಿ, ಬೇರೆ ಅರ್ಥವೇ ಇಲ್ಲ.

"ಸರ್ವೆ ನಂಬರ್?"

"ಹೊಳೆಗೆ ಎಲ್ಲಿಯ ಸರ್ವೆ ನಂಬರ್ ಸ್ವಾಮಿ?"

"ಹೊಳೆ ಪಕ್ಕದ ಜಮೀನಾ?"

"ಪಕ್ಕ ಅಲ್ಲ. ಹೊಳೆ ನಡುವೆ."

ಗುಮಾಸ್ತರು ಕನ್ನಡಕ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊಳೇನೇ ಒತ್ತುವರಿ ಮಾಡ್ಕೊಂಡಿದ್ದೀರಾ?"

ಮೂವತ್ತು ವರ್ಷ ಒಂದೂ ಮೆಮೋ ತೆಗೆದುಕೊಳ್ಳದ ನನ್ನನ್ನು ಹಿಡಿದು ಒತ್ತುವರಿದಾರ ಅನ್ನುವುದೇ? ನಾನು ಕೂಗಾಡಿದೆ. ಸದ್ದು ಕೇಳಿ ಒಳಗಿನಿಂದ ಸಾಹೇಬರು ಬಂದರು. ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಅವರು ಪೂರ್ತಿ ನೋಡಿ, "ಇದೂ ಗಾಳವೇ ಕಣ್ರೀ, ಉದ್ದ ಜಾಸ್ತಿ ಅಷ್ಟೇ" ಅಂದು ಸಹಿ ಹಾಕಿದರು.

ಹೊರಗೆ ಬಂದರೆ, ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ರೈತನೊಬ್ಬ ನನ್ನ ಕೈ ಹಿಡಿದುಕೊಂಡ. "ಸಾ, ಪಾಯಿಂಟ್ ಮಾಡ್ಸಿದ್ರಾ?"

"ಯಾವ ಪಾಯಿಂಟು?"

"ನೀರಿನ ಪಾಯಿಂಟು. ತೆಂಗಿನಕಾಯಿ ಇಟ್ಕೊಂಡು ನೋಡ್ತಾರಲ್ಲ. ನೋಡಿಸ್ದೆ ಬೋರ್ ಕೊರುಸ್ಬೇಡಿ. ನಮ್ ಭಾವ ಅಂಗೇ ಕೊರ್ಸಿ ಬರೀ ಧೂಳು ಬಂತು."

"ಅಯ್ಯೋ ಮಾರಾಯ, ನಾನು ಇಳಿಸೋದು ಹೊಳೆ ನಡುವೆ!"

ಅವನು ಕರುಣೆಯಿಂದ ನನ್ನ ಬೆನ್ನು ಸವರಿದ. "ಹೊಳೆ ನಡುವೇನೇ ಆಗ್ಲಿ ಸಾ. ನೀರು ಬರಾಕೂ ಋಣ ಇರ್ಬೇಕು."

೪. ತೆಪ್ಪದ ಮೂತಿ

ದೋಣಿ ಅಂತ ನನಗೆ ಮೊದಲು ಸಿಕ್ಕಿದ್ದು ಒಂದು ತೆಪ್ಪ, ಅಂದರೆ ನಮ್ಮ ದುಂಡನೆಯ ಹರಿಗೋಲು. ಅದರ ಯಜಮಾನ ಹೊಳೆಯಲ್ಲೇ ಹುಟ್ಟಿ ಬೆಳೆದ ಮುದುಕ. ನನ್ನ ಯಂತ್ರವನ್ನು ನೋಡಿ ನಗಲಿಲ್ಲ. ಒಳ್ಳೆಯ ಮನುಷ್ಯ ಅಂದುಕೊಂಡೆ.

ತೆಪ್ಪದ ಅಂಚಿಗೆ ರಾಟೆ ಬಿಗಿದು ಮಡುವಿಗೆ ಹೋದೆವು. ಹನ್ನೆರಡು ಅಡಿಗೆ ಬಟ್ಟು ಇಳಿಸಿ, "ಈಗ ನೇರಕ್ಕೆ ಹುಟ್ಟು ಹಾಕಪ್ಪಾ, ನಿಧಾನಕ್ಕೆ" ಅಂದೆ. ಅವನು ಹುಟ್ಟು ಹಾಕಿದ. ಒಂದು ಪಕ್ಕದಲ್ಲಿ ಐದು ಕೆಜಿ ಜಗ್ಗುತ್ತಿದೆಯಲ್ಲ, ತೆಪ್ಪ ಮೆಲ್ಲಗೆ ಬುಗುರಿಯ ಹಾಗೆ ತಿರುಗಲು ಶುರುವಾಯಿತು. ಸೇತುವೆ ಬಂತು, ತೋಟ ಬಂತು, ಕಲ್ಲುಬಂಡೆ ಬಂತು, ಮತ್ತೆ ಸೇತುವೆ ಬಂತು.

"ನೇರಕ್ಕೆ ಕಣಪ್ಪಾ!"

"ನೇರಕ್ಕೇ ಆಕ್ತಾ ಇವ್ನಿ ಸಾ."

ಬಟ್ಟಿನ ತಂತಿ ತೆಪ್ಪದ ಅಡಿಗೆ ಹೋಗಿ ಆ ಕಡೆಯಿಂದ ಮೇಲೆ ಬಂತು. ಗಾಳದ ದಾರ ಅದಕ್ಕೆ ಹೆಣೆದುಕೊಂಡಿತು. ನನ್ನ ತಲೆಯೂ ತಿರುಗಿ, ಬೆಳಿಗ್ಗೆ ತಿಂದ ಇಡ್ಲಿ ಗಂಟಲಿಗೆ ಬಂತು. ನಾನು ಅಂಚು ಹಿಡಿದು ಕಿರುಚಿದೆ: "ಮುಂದಕ್ಕೆ ಹೋಗು ಅಂದರೆ ಮುಂದಕ್ಕೆ ಹೋಗಬೇಕು! ಇಷ್ಟು ವರ್ಷ ಹೊಳೇಲಿ ಏನು ಕಲಿತೆ ನೀನು?"

ಮುದುಕ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣಗೆ ಕೇಳಿದ: "ತೆಪ್ಪಕ್ಕೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಅಂತ ತೋರ್ಸಿ ಸಾ. ಇವತ್ತಿಂದ ನೇರಕ್ಕೇ ಓಡಿಸ್ತೀನಿ."

೫. ಬೀಗರ ಎಲೆ

ಬೀಗರು ಬರುವ ದಿನ ಬಂದೇ ಬಂತು. ಹೆಂಡತಿ ಬೆಳಿಗ್ಗೆಯೇ, "ಮರ್ಯಾದೆಯಾಗಿ ಮಾರ್ಕೆಟ್ಟಿಗೆ ಹೋಗಿ" ಅಂದಳು. ನನಗೆ ಛಲ. ಮೀನಿನ ಟೆಂಡರ್ ಹಿಡಿದವರ ಕೈಕಾಲು ಹಿಡಿದು ಒಂದು ಫೈಬರ್ ದೋಣಿ ಕೇಳಿ ತಂದಿದ್ದೆ. ಮೂತಿ ಬಾಲ ಎರಡೂ ಇರುವ ದೋಣಿ. ಹುಟ್ಟು ಹಾಕಲು ಅದೇ ಮುದುಕ. ಆರು ಗಂಟೆಗೆ ಸೇತುವೆಯ ಹತ್ತಿರದ ಮಡುವಿಗೆ ಇಳಿದೆವು.

ಯಂತ್ರ ಅಂದರೆ ಯಂತ್ರ! ತಂತಿ ಗೆರೆ ಕೊರೆದ ಹಾಗೆ ನೀರಿಗಿಳಿಯಿತು. ಹದಿನೈದು ಅಡಿ, ಹದಿನೆಂಟು ಅಡಿ. ಮಡುವಿನ ಮೇಲೆ ಹೋಗುವುದು, ತಿರುಗಿ ಬರುವುದು. ಎಂಟಾಯಿತು, ಒಂಬತ್ತಾಯಿತು. ತಲೆಯೆತ್ತಿ ನೋಡಿದರೆ ಸೇತುವೆಯ ಕಂಬಿಗೆ ಒರಗಿ ಹತ್ತಿಪ್ಪತ್ತು ಜನ. ಪರವಾಗಿಲ್ಲ, ನಮ್ಮ ಜನಕ್ಕೂ ಹೊಸ ತಾಂತ್ರಿಕತೆಯಲ್ಲಿ ಆಸಕ್ತಿ ಇದೆ ಅಂತ ಖುಷಿಪಟ್ಟೆ.

ಒಬ್ಬ ಕೂಗಿ ಕೇಳಿದ: "ಸಿಕ್ತಾ ಸಾ?"

"ಇನ್ನೂ ಇಲ್ಲ! ತಳದಲ್ಲಿದೆ!"

"ಯಾವಾಗಿಂದ ಉಡುಕ್ತಾ ಇದ್ದೀರಿ?"

"ಬೆಳಿಗ್ಗೆ ಆರರಿಂದ!"

"ಎಷ್ಟು ಜನ ಸಾ?"

ದೋಣಿಯಲ್ಲಿ ಎಷ್ಟು ಜನ ಅಂತ ಕೇಳುತ್ತಿದ್ದಾನೆ ಅಂದುಕೊಂಡೆ. "ಇಬ್ಬರು!"

ಮೇಲಿನಿಂದ "ಅಯ್ಯಯ್ಯೋ" ಅನ್ನುವ ಸದ್ದು ಬಂತು. ನಮ್ಮಿಬ್ಬರ ವಯಸ್ಸು ನೋಡಿ ಮರುಗುತ್ತಿದ್ದಾರೆ ಅಂತ ಸಮಾಧಾನ ಹೇಳಿದೆ: "ಏನೂ ತೊಂದರೆ ಇಲ್ಲ ಕಣಪ್ಪಾ! ಮಧ್ಯಾಹ್ನದ ಒಳಗೆ ಒಂದು ಸಿಕ್ಕಿದರೂ ಸಾಕು. ಮನೆಗೆ ಬೀಗರು ಬರ್ತಾ ಇದ್ದಾರೆ!"

ಅಷ್ಟು ಸಾಕಾಯಿತು. ಫಿಟ್ಟರ್ ಮನೆಯವರು ಇಬ್ಬರು ಹೊಳೆಗೆ ಬಿದ್ದಿದ್ದಾರೆ, ಬೀಗರಿಗೂ ಹೇಳಿ ಕಳಿಸಿದ್ದಾರೆ ಅಂತ ಸೇತುವೆಯ ಈ ತುದಿಯಿಂದ ಆ ತುದಿಗೆ ಸುದ್ದಿ ಓಡಿತು. ಬಸ್ಸು ನಿಂತವು. ದಡದಲ್ಲಿ ಕಡಲೆಕಾಯಿ ಮಾರುವವನು ಬಂದ. ಒಬ್ಬ ಪೊಲೀಸಪ್ಪನೂ ಬಂದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅದೇ ಹೊತ್ತಿಗೆ ಕಳಲೆಯ ನಮ್ಮ ಬೀಗರ ಕಾರು ಬಂದು ಆ ಜಾಮಿನಲ್ಲಿ ಸಿಕ್ಕಿಕೊಂಡಿತು. ಏನಾಯಿತು ಅಂತ ಅವರು ಕೇಳಿದರೆ, ಯಾರೋ ಪೂರ್ತಿ ವಿವರ ಕೊಟ್ಟರಂತೆ. ಬೀಗಿತ್ತಿ ಕಾರಿನಿಂದ ಇಳಿದವರೇ ದಡಕ್ಕೆ ಓಡಿಬಂದು ಎದೆ ಬಡಿದುಕೊಂಡು ಅಳಲು ಶುರುಮಾಡಿದರು. ಬಿಸಿಲಿಗೆ ನನಗೆ ಮುಖ ಕಾಣಿಸಲಿಲ್ಲ. ಯಾರೋ ಪಾಪ, ಏನು ಕಷ್ಟವೋ ಅಂದುಕೊಂಡೆ.

ಆಗ ಟಪ್ ಅಂತ ಕ್ಲಿಪ್ಪು ಬಿಟ್ಟಿತು!

ಗಾಳದ ಕೋಲು ಬಿಲ್ಲಿನ ಹಾಗೆ ಬಗ್ಗಿತು. "ಸಿಕ್ತು! ಸಿಕ್ತು!" ಅಂತ ನಾನು ಕುಣಿದೆ. ದಡದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಗಂಡಸರು ತಲೆಯ ಟವಲು ತೆಗೆದರು. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದರು. ಪೊಲೀಸಪ್ಪ ಮಾತ್ರ ಬೆತ್ತ ಎತ್ತಿ ಕೂಗಿದ: "ಲೇ, ಮಹಜರ್ ಆಗೋವರ್ಗೂ ಯಾರೂ ಮ್ಯಾಲೆ ಎತ್ತಂಗಿಲ್ಲ!"

ಕಾಲು ಗಂಟೆ ಎಳೆದಾಡಿದೆ. ಕೊನೆಗೆ ನೀರು ಸೀಳಿಕೊಂಡು ಬಂತು ನೋಡಿ, ಬೆಳ್ಳಿಯಂತೆ ಹೊಳೆಯುವ ಬಾಳೆಮೀನು, ನನ್ನ ತೋಳಿಗಿಂತ ಉದ್ದ. ಎರಡೂ ಕೈಯಲ್ಲಿ ಎತ್ತಿ ಸೇತುವೆಗೆ ತೋರಿಸಿದೆ. ಚಪ್ಪಾಳೆ ಬೀಳುತ್ತದೆ ಅಂತ ಕಾದೆ.

"ಥೂ, ಮೀನು ಕಣ್ಲಾ!" ಅಂದ ಒಬ್ಬ.

"ಮೂರು ಗಂಟೆ ಬಿಸಿಲಲ್ಲಿ ನಿಲ್ಸಿ ಮೀನು ತೋರಿಸ್ತಾನಲ್ಲ, ಮನುಷ್ಯನಾ ಇವ್ನು?" ಅಂದ ಇನ್ನೊಬ್ಬ.

"ನಾನು ಡ್ಯೂಟಿಗೆ ರಜಾ ಆಕ್ಬಿಟ್ಟೆ ಸಾ, ಇದಕ್ಕೆ ಯಾರು ಜವಾಬ್ದಾರಿ?" ಅಂತ ಮತ್ತೊಬ್ಬ ದಡಕ್ಕೇ ಇಳಿದು ಬಂದು ಕೇಳಿದ. ಯಾರೂ ಸಾಯದೇ ಇದ್ದದ್ದಕ್ಕೆ ನಾನೇ ಕ್ಷಮೆ ಕೇಳಬೇಕಾಯಿತು. ಆಗಲೇ ನೋಡಿದ್ದು, ಕೆಸರಿನಲ್ಲಿ ರೇಷ್ಮೆ ಸೀರೆ ನೆನೆಸಿಕೊಂಡು ಕೂತಿದ್ದ ಬೀಗಿತ್ತಿಯನ್ನು.

ಹೇಗೋ ಎಲ್ಲರೂ ಮನೆ ಸೇರಿದೆವು. ನನ್ನ ಹೆಂಡತಿ ಮೀನು ತೊಳೆದು, ಮಸಾಲೆ ಅರೆದು, ಘಮಘಮ ಸಾರು ಮಾಡಿದಳು. ಎಲೆ ಹಾಕಿಯಾಯಿತು. ಕಷ್ಟಪಟ್ಟು ಹಿಡಿದ ಮೀನು, ಕೊಟ್ಟ ಮಾತು ಉಳಿಯಿತು ಅನ್ನುವ ಹೆಮ್ಮೆಯಿಂದ ನಾನೇ ಪಾತ್ರೆ ಹಿಡಿದು ಬೀಗರ ಮುಂದೆ ಬಗ್ಗಿದೆ. ಬೀಗರು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡರು.

"ಬ್ಯಾಡಿ ಬೀಗರೇ. ತಪ್ಪು ತಿಳ್ಕೋಬ್ಯಾಡಿ. ಅಷ್ಟು ಜನ ಸೇರಿ ಹೆಣ ಹುಡುಕಿದ ನೀರಿನ ಮೀನು ನಮ್ಗೆ ಗಂಟಲಲ್ಲಿ ಇಳಿಯಲ್ಲ."

ನನಗೆ ಅಳು ಬರುವುದೊಂದು ಬಾಕಿ. "ಅಯ್ಯೋ ಬೀಗರೇ, ಎಷ್ಟು ಸಲ ಹೇಳಲಿ? ಅಲ್ಲಿ ಹೆಣ ಇರಲೇ ಇಲ್ಲ! ಯಾರೂ ಬಿದ್ದೇ ಇಲ್ಲ!"

ಬೀಗರು ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು:

"ಇಲ್ಲ ಅನ್ಬ್ಯಾಡಿ ಬೀಗರೇ. ಇನ್ನೂ ಸಿಕ್ಕಿಲ್ಲ ಅನ್ನಿ."